ಕೊಟ್ಟಿಗೆಯ ನೊರಜು, ಮನೆಯ ಹುಳು

ರಾಮನಗರ ತಾಲ್ಲೂಕಿನ ಕೂಟಗಲ್ ಸೀಮೆಯಲ್ಲಿ ಬೇಸಾಯದ ಜೊತೆಗೆ ಮೂರು ಜೀವಿಗಳು ರೈತನ ಕೈ ಹಿಡಿದಿವೆ: ಹಾಲು ಕೊಡುವ ಹಸು, ಕಷ್ಟಕಾಲಕ್ಕೆ ಒದಗುವ ಕುರಿ, ಗೂಡು ಕಟ್ಟುವ ರೇಷ್ಮೆ ಹುಳು. ಈ ಮೂರೂ ಒಂದೇ ಅಂಗಳಕ್ಕೆ ಸೇರಿದ ಮನೆಗಳೂ ಉಂಟು. ಅಂಥಲ್ಲಿ ಒಂದಕ್ಕೆ ಮದ್ದಾದುದು ಮತ್ತೊಂದಕ್ಕೆ ವಿಷವಾಗಬಹುದು. ನೀಲಿ ನಾಲಿಗೆ ರೋಗದ ವಿಚಾರ ಇದಕ್ಕೊಂದು ನಿದರ್ಶನ.

ಈ ರೋಗ ತಗುಲಿದ ಕುರಿಗೆ ಜ್ವರ ಬರುತ್ತದೆ, ತುಟಿ, ಮುಖ ಊದುತ್ತವೆ, ಮೂಗು ಸುರಿಯುತ್ತದೆ, ನಡಿಗೆ ಕುಂಟುತ್ತದೆ. ಕೆಲವೊಮ್ಮೆ ನಾಲಿಗೆ ನೀಲಿಗಟ್ಟುವುದರಿಂದ ಈ ಹೆಸರು. ಭಾರತದಲ್ಲಿ ಇದು ಮೊದಲು ವರದಿಯಾದುದು 1964ರಲ್ಲಿ, ಮಹಾರಾಷ್ಟ್ರದಿಂದ. ಇಂದು ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ಮಳೆಗಾಲದ ಬೆನ್ನಿಗೇ ಮಂದೆಗಳನ್ನು ಕಾಡುತ್ತದೆ. ಆದರೆ ರೋಗ ಕುರಿಯಿಂದ ಕುರಿಗೆ ಮುಟ್ಟಿ ಹರಡುವುದು ಅಪರೂಪ. ಅದನ್ನು ಹೊತ್ತು ತರುವುದು ಒಂದರಿಂದ ಮೂರು ಮಿಲಿಮೀಟರ್ ಉದ್ದದ, ರಕ್ತ ಹೀರುವ ಒಂದು ನೊರಜು. ಕ್ಯುಲಿಕಾಯ್ಡಿಸ್ ಎಂಬುದು ಅದರ ಶಾಸ್ತ್ರೀಯ ನಾಮ. ಸೊಳ್ಳೆ ಪರದೆಯ ಕಣ್ಣುಗಳಲ್ಲಿಯೂ ಅದು ನುಸುಳಬಲ್ಲದು.

ವಿಚಿತ್ರವೆಂದರೆ, ವೈರಾಣುವಿನ ಅಡಗುತಾಣ ಹಸು. ಸಾಮಾನ್ಯವಾಗಿ ಯಾವ ರೋಗಲಕ್ಷಣವನ್ನೂ ತೋರದೆ ಹಸು ಅದನ್ನು ತನ್ನ ರಕ್ತದಲ್ಲಿ ವಾರಗಟ್ಟಲೆ ಇರಿಸಿಕೊಂಡಿರುತ್ತದೆ. ಆ ರಕ್ತ ಹೀರಿದ ನೊರಜಿನ ಒಡಲಲ್ಲಿ ವೈರಾಣು ಬೆಳೆದು, ಸುಮಾರು ಹತ್ತು ದಿನಗಳ ಬಳಿಕ, ಮುಂದಿನ ಕಡಿತದೊಡನೆ ಕುರಿಯನ್ನು ಸೇರುತ್ತದೆ. ಕುರಿಯನ್ನು ಉಳಿಸಲು ಹಸುವಿನ ಮೈಗೆ ಕೀಟನಾಶಕ ಹಚ್ಚುವ ಉಪಾಯದ ಮೂಲ ಇಲ್ಲಿದೆ. ಮದ್ದು ಕಡಿತವನ್ನೇ ತಪ್ಪಿಸಬೇಕೆಂದಿಲ್ಲ. ಕಚ್ಚಿದ ನೊರಜು ಆ ಹತ್ತು ದಿನ ಬದುಕದಿದ್ದರೆ ಸಾಕು, ಸರಪಳಿ ತುಂಡಾಗುತ್ತದೆ.

ಇದಕ್ಕೆ ಬಳಸುವುದು ಡೆಲ್ಟಾಮೆಥ್ರಿನ್, ಸೈಪರ್ಮೆಥ್ರಿನ್‌ನಂಥ ಮದ್ದುಗಳನ್ನು. ಸೇವಂತಿಗೆಯ ಬಳಗದ ಒಂದು ಹೂವಿನ ಸಹಜ ವಿಷವನ್ನು ಅನುಕರಿಸಿ ಮನುಷ್ಯ ರಚಿಸಿದ ವಸ್ತುಗಳಿವು. ಇವನ್ನು ಹಸುವಿನ ಬೆನ್ನಿನ ಮೇಲೆ ಸುರಿಯುವುದು ವಾಡಿಕೆ. ನೊರಜಿನ ಹಲವು ಜಾತಿಗಳು ಕಚ್ಚುವುದಾದರೋ ಹೊಟ್ಟೆಯ ಅಡಿಯಲ್ಲಿ, ಕಾಲುಗಳಲ್ಲಿ. ಮದ್ದು ಅಲ್ಲಿಗೆ ಇಳಿಯುವುದು ಕಡಿಮೆ; ಮಳೆ, ಬಿಸಿಲುಗಳಿಗೆ ಅದರ ಬಲವೂ ಕುಂದುತ್ತದೆ. 2006ರಲ್ಲಿ ಉತ್ತರ ಯೂರೋಪಿಗೆ ಈ ರೋಗ ನುಗ್ಗಿದಾಗ ಅಲ್ಲಿಯೂ ದನಗಳಿಗೆ ಕೀಟನಾಶಕ ಹಚ್ಚಿದರು. ರೋಗ ಹತೋಟಿಗೆ ಬಂದುದು ಮಾತ್ರ 2008ರಿಂದ ವ್ಯಾಪಕವಾಗಿ ಲಸಿಕೆ ಹಾಕಿದ ಮೇಲೆ.

ಕೂಟಗಲ್ಲಿನಂಥ ಊರಿನಲ್ಲಿ ಇನ್ನೊಂದು ಲೆಕ್ಕವೂ ಇದೆ. ನೊರಜನ್ನು ಕೊಲ್ಲುವ ವಿಷಕ್ಕೆ ರೇಷ್ಮೆ ಹುಳುವೂ ಒಂದು ಕೀಟವೇ. ಹಸುವಿಗೆ ಮದ್ದು ಹಚ್ಚಿದ ಕೈಯಿಂದಲೇ ಸೊಪ್ಪು ಕೊಯ್ದರೆ, ಸಿಂಪಡಿಸಿದ ಹನಿ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಮೇಲೆ ಕುಳಿತರೆ, ಇನ್ನೇನು ಚಂದ್ರಿಕೆಗೆ ಏರಬೇಕಾದ ಹುಳುಗಳು ನರಳಿ ಸಾಯಬಹುದು. ವಾರಗಳ ದುಡಿಮೆ, ಗೂಡಿನ ಮಾರುಕಟ್ಟೆಯಲ್ಲಿ ಕೈಸೇರಬೇಕಾದ ಹಣ, ಎರಡೂ ಒಟ್ಟಿಗೇ ಹೋದಂತೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಾಗಲೂ ಇದೇ ಇಕ್ಕಟ್ಟು ಎದುರಾಗಿತ್ತು. ಹುಳು ಮನೆಯಲ್ಲಿ ವಿಷ ಎರಚುವಂತಿಲ್ಲದ್ದರಿಂದ ರೇಷ್ಮೆಯವರು ಕಿಟಕಿಗೆ ಬಲೆ ಕಟ್ಟಿದರು. ಊಜಿಯ ಕೋಶವನ್ನೇ ಕೊರೆದು ಮೊಟ್ಟೆಯಿಡುವ ಪುಟ್ಟ ಕಣಜವನ್ನು ನೆರವಿಗೆ ಕರೆದರು.

ಇಲ್ಲಿಯೂ ಅಂಥ ವಿವೇಕವೇ ದಾರಿ. ನೊರಜು ಹುಟ್ಟುವುದು ಸಗಣಿ ಬೆರೆತ ಒದ್ದೆ ನೆಲದಲ್ಲಿ. ಆದ್ದರಿಂದ ಗಂಜಲ ನಿಲ್ಲದಂತೆ ಕಾಲುವೆ ತೆಗೆದು ಕೊಟ್ಟಿಗೆಯನ್ನು ಒಣಗಿಸುವುದು ಮೊದಲ ಕೆಲಸ. ಅದು ಹೆಚ್ಚಾಗಿ ಮುತ್ತುವುದು ಮುಸ್ಸಂಜೆಯಿಂದ ಬೆಳಗಿನವರೆಗೆ. ಹೊತ್ತು ಮುಳುಗುವ ಮುನ್ನ ಕುರಿಗಳನ್ನು ಒಳಗೆ ಸೇರಿಸುವುದು ಎರಡನೆಯದು. ಐದು ಬಗೆಯ ವೈರಾಣುಗಳನ್ನು ತಡೆಯುವ ಲಸಿಕೆ ನಮ್ಮ ದೇಶದಲ್ಲಿಯೇ ತಯಾರಾಗಿದೆ. ಅದನ್ನು ಮಳೆಗಾಲದ ರೋಗಕ್ಕೆ ಮುಂಚೆಯೇ ಹಾಕಿಸುವುದು ಮೂರನೆಯದು. ಇಷ್ಟಾದ ಮೇಲೂ ಕೀಟನಾಶಕ ಬೇಕೆಂದರೆ ಪಶುವೈದ್ಯರನ್ನು ಕೇಳಿ, ಹುಳುಗಳಿಲ್ಲದ ಬಿಡುವಿನಲ್ಲಿ, ಸಿಂಪಡಿಸದೆ ಸುರಿಯುವ ಮದ್ದನ್ನೇ ಆರಿಸಿ ಹಚ್ಚಬೇಕು. ಹಾಲು ಬಳಸಬಾರದ ಅವಧಿ ಎಷ್ಟೆಂದು ತಿಳಿದುಕೊಳ್ಳಬೇಕು. ಹಚ್ಚಿದವರು ಕೈ ತೊಳೆದು ಬಟ್ಟೆ ಬದಲಿಸದೆ ಹುಳು ಮನೆಯ ಹೊಸಿಲು ದಾಟಬಾರದು.