ಭಿನ್ನರಾಶಿಯ ಗೆರೆ

ವಾಕ್ಯದಲ್ಲಿ ಅಲ್ಪವಿರಾಮ ಸ್ಥಾನ ತಪ್ಪಿದರೆ ಅನ್ವಯವೇ ಕೆಡುತ್ತದೆಂಬುದು ಕನ್ನಡ ಪಾಠ ಹೇಳಿದ ನನಗೆ ತಿಳಿದ ಮಾತು. ಗಣಿತದಲ್ಲಿ ಅಂಥ ಹೊಣೆ ಹೊತ್ತಿರುವುದು ಭಿನ್ನರಾಶಿಯ ಗೆರೆ. ನಮ್ಮ ಪ್ರಾಚೀನ ಗಣಿತಜ್ಞರು ಗೆರೆಯೆಳೆಯದೆಯೇ ಅಂಶದ ಕೆಳಗೆ ಛೇದವನ್ನು ಬರೆಯುತ್ತಿದ್ದರು. 12ನೆಯ ಶತಮಾನದ ಅಲ್-ಹಸ್ಸಾರನ ಬರಹದಲ್ಲಿ ಅಡ್ಡಗೆರೆ ಕಾಣುತ್ತದೆ. ಆದರೆ ಸಾಲಿನ ನಡುವೆ ಅಡ್ಡಗೆರೆ ಬಂದರೆ ಅಂಕಿಗಳು ಕುಗ್ಗುತ್ತವೆ, ಇಲ್ಲವೆ ಸಾಲುಗಳ ಅಂತರ ಹಿಗ್ಗುತ್ತದೆ. ಓರೆಗೆರೆಯ ಅನುಕೂಲ ಇರುವುದು ಇಲ್ಲಿಯೇ.

ಇಂದು ಬೀಜಗಣಿತವನ್ನು ಅಕ್ಷರರೂಪದಲ್ಲೇ ಬಿಡಿಸುವ ತಂತ್ರಾಂಶಗಳಿವೆ. ಅವುಗಳಲ್ಲೊಂದಾದ ‘ಸಿಂಪೈ’ ತನ್ನ ಉತ್ತರವನ್ನು ‘ಲೇಟೆಕ್’ ಎಂಬ ಅಚ್ಚುಜೋಡಣೆಯ ಭಾಷೆಯಲ್ಲಿ ಬರೆದುಕೊಡಬಲ್ಲದು. ಅದು ಸಾಮಾನ್ಯವಾಗಿ ಎಳೆಯುವುದು ಅಡ್ಡಗೆರೆಯನ್ನೇ. ‘ಫೋಲ್ಡ್ ಶಾರ್ಟ್ ಫ್ರ್ಯಾಕ್’ ಎಂಬ ಆಯ್ಕೆಯನ್ನು ಒಪ್ಪಿದರೆ, ಛೇದವು ಚಿಕ್ಕದಾಗಿ ಘಾತವಿಲ್ಲದಿದ್ದಾಗ ಓರೆಗೆರೆ ಬರುತ್ತದೆ. ಸಾಲಿನೊಳಗಿನ ಮುದ್ರಣವೆಂದು ಸೂಚಿಸಿದರಂತೂ ಈ ಆಯ್ಕೆ ತಾನಾಗಿಯೇ ಜಾರಿಗೆ ಬರುತ್ತದೆ. ‘ಲಾಂಗ್ ಫ್ರ್ಯಾಕ್ ರೇಶಿಯೊ’ ಎಂಬ ಇನ್ನೊಂದು ಆಯ್ಕೆ, ಅಂಶವು ನಾವು ಹೇಳಿದ ಪ್ರಮಾಣ ಮೀರಿ ಉದ್ದವಾದಾಗ ಅದನ್ನು ಒಡೆದು ಪಕ್ಕದಲ್ಲಿ ಗುಣಕವಾಗಿ ನಿಲ್ಲಿಸುತ್ತದೆ.

ಇಲ್ಲಿ ಎಚ್ಚರ ಬೇಕು. ಅ, ಇ ಎಂಬೆರಡರ ಮೊತ್ತವನ್ನು ಅ-ದ ಇಮ್ಮಡಿಯಿಂದ ಭಾಗಿಸಬೇಕೆನ್ನಿ. ಓರೆಗೆರೆಯಲ್ಲಿ ಅದು (ಅ + ಇ) / 2 ಅ ಎಂದಾಗುತ್ತದೆ. ಅಂಶಕ್ಕೆ ಆವರಣವುಂಟು, ಛೇದಕ್ಕಿಲ್ಲ. ಕೊನೆಯ ಅಕ್ಷರ ಭಾಜಕವೋ ಗುಣಕವೋ? ಅ ಎರಡು, ಇ ನಾಲ್ಕು ಆಗಿದ್ದರೆ ಒಂದು ಓದಿಗೆ ಒಂದೂವರೆ, ಇನ್ನೊಂದಕ್ಕೆ ಆರು! ಯಂತ್ರದ ಲೆಕ್ಕ ತಪ್ಪಿಲ್ಲ, ತಪ್ಪುವುದು ಓದು. ಅಂಥ ಕಡೆ ಆ ಆಯ್ಕೆಯನ್ನು ಕೈಬಿಟ್ಟು ಅಡ್ಡಗೆರೆಯನ್ನೇ ಉಳಿಸಿಕೊಳ್ಳುವುದು ಲೇಸೆಂದು ನನ್ನ ಭಾವನೆ. ಪುಟದ ಅಚ್ಚುಕಟ್ಟು ಅರ್ಥಕ್ಕಿಂತ ಮಿಗಿಲಲ್ಲ.