ಮಣ್ಣಿಲ್ಲದ ತೋಟದಲ್ಲಿ ನೀರೇ ಮೊದಲ ಪಾಠ

ಬೋಧನಾಭ್ಯಾಸಕ್ಕಾಗಿ ಕೋಲಾರ ಜಿಲ್ಲೆಯ ಒಂದು ಪ್ರೌಢಶಾಲೆಗೆ ಹೋಗಿದ್ದಾಗ ಹತ್ತನೇ ತರಗತಿಗೆ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಘಟಕವನ್ನು ಬೋಧಿಸಬೇಕಿತ್ತು. ಪಿಎಚ್ ಮೌಲ್ಯಕ್ಕೆ ದಿನಬಳಕೆಯ ಉದಾಹರಣೆಯಾಗಿ, ಅದೇ ಊರಿನ ನನ್ನ ಬಾಡಿಗೆ ಕೋಣೆಯ ತಾರಸಿಯಲ್ಲಿ ಜಲಕೃಷಿಯಿಂದ ಬೆಳೆಸಿದ್ದ ಪಾಲಕ್ ಬಕೆಟ್ಟನ್ನೇ ತರಗತಿಗೆ ಒಯ್ದೆ. ಆದರೆ ಗಿಡಗಳು ಹಳದಿಗಟ್ಟಿದ್ದವು. ಗೊಬ್ಬರ ಸಾಲದೆಂದು ಎರಡು ಬಾರಿ ಪೋಷಕ ಲವಣ ಹೆಚ್ಚಿಸಿದ್ದೆ. ಎಲೆಯಂಚು ಸುಟ್ಟಂತಾಯಿತೇ ಹೊರತು ಹಸಿರು ಮರಳಲಿಲ್ಲ.

ಬಕೆಟ್ ನೋಡಿದ ಒಬ್ಬ ಹುಡುಗಿ, “ಮಿಸ್, ಇದು ಬೋರ್ ನೀರಾ? ನಮ್ಮನೇಲಿ ಆ ನೀರು ಕಾಯಿಸಿದ್ರೆ ಪಾತ್ರೆ ತಳಕ್ಕೆ ಬಿಳಿ ಕಟ್ಟುತ್ತೆ” ಎಂದಳು. ಹಿಂದಿನ ಬೆಂಚಿನಲ್ಲಿ ಪಾಠ ವೀಕ್ಷಿಸುತ್ತ ನಮ್ಮ ಉಪನ್ಯಾಸಕರು ಕುಳಿತಿದ್ದರು. ನೀರನ್ನು ನಾನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಅದನ್ನು ಒಪ್ಪಿಕೊಂಡು, “ನಾಳೆ ಎಲ್ಲರೂ ಸೇರಿ ನೋಡೋಣ” ಎಂದೆ.

ಮೀಟರ್ ಹೇಳುವುದು, ಹೇಳದಿರುವುದು

ಟಿಡಿಎಸ್ ಮೀಟರ್ ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಒಟ್ಟು ಎಷ್ಟು ಲವಣ ಕರಗಿದೆಯೆಂದು ಅಂದಾಜು ಕೊಡುತ್ತದೆ. ಯಾವ ಲವಣವೆಂದು ಅದು ಹೇಳುವುದಿಲ್ಲ. ಪಾಲಕ್‌ಗೆ ಸುಮಾರು 2 ಮಿಲಿಸೀಮೆನ್ಸ್ ವಾಹಕತೆ ಸಾಕು. ನನ್ನ ಮೀಟರಿನಲ್ಲಿ ಅದು 1000 ಪಿಪಿಎಂ. ನಾನು ಮೊದಲು 1000ಕ್ಕೇ ಹೊಂದಿಸಿದ್ದೆ. ಮರುದಿನ ಬರಿಯ ಬೋರ್ ನೀರನ್ನು ಅಳೆದಾಗ ಅದೇ 800 ತೋರಿಸಿತು. ಅಂದರೆ ಗಿಡಕ್ಕೆ ಸಿಕ್ಕ ಗೊಬ್ಬರ ಕೇವಲ 200. ಉಳಿದದ್ದರಲ್ಲಿ ಹೆಚ್ಚಿನದು ಗಿಡ ಬೇಡದ ಬೈಕಾರ್ಬೊನೇಟ್, ಸೋಡಿಯಂ, ಕ್ಲೋರೈಡ್‌ನಂಥವು. ಎರಡು ಬಾರಿ ಗೊಬ್ಬರ ಸೇರಿಸಿದಾಗ ಮೀಟರ್ 1500 ದಾಟಿ ಬೇರಿಗೆ ಉಪ್ಪು ಹೆಚ್ಚಾಯಿತು.

ಹಳದಿ ಎಲ್ಲಿ ಶುರುವಾಯಿತು?

ಸಾರಜನಕದ ಕೊರತೆಯಾದರೆ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ, ಏಕೆಂದರೆ ಗಿಡ ಅವುಗಳಿಂದ ಸಾರಜನಕವನ್ನು ಚಿಗುರಿಗೆ ಸಾಗಿಸುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲಾಗದು. ಆದ್ದರಿಂದ ಅದರ ಕೊರತೆ ಹೊಸ ಎಲೆಗಳಲ್ಲಿ ಕಾಣುತ್ತದೆ: ನರಗಳು ಹಸಿರು, ನಡುವಿನ ಭಾಗ ಹಳದಿ. ನನ್ನ ಪಾಲಕ್‌ನ ಚಿಗುರು ಹೀಗೆಯೇ ಇತ್ತು.

ದ್ರಾವಣದಲ್ಲಿ ಕಬ್ಬಿಣವಿತ್ತು, ಗಿಡಕ್ಕೆ ಸಿಗುತ್ತಿರಲಿಲ್ಲ. ಜಲಕೃಷಿಗೆ ಪಿಎಚ್ 5.5ರಿಂದ 6.5 ಇರಬೇಕು, ನಮ್ಮ ಸೂಚಕ ಕಾಗದ 8ರ ಹತ್ತಿರದ ಬಣ್ಣ ತೋರಿಸಿತು. ಗೊಬ್ಬರದ ಪೊಟ್ಟಣದಲ್ಲಿದ್ದ ಇಡಿಟಿಎ ರೂಪದ ಕಬ್ಬಿಣ ಸುಮಾರು 6.5 ದಾಟಿದರೆ ಸ್ಥಿರವಾಗಿ ಉಳಿಯದು. ಪಿಎಚ್ ಏರಿಸಿದ್ದು ಬೈಕಾರ್ಬೊನೇಟ್. ಕಾಯಿಸಿದಾಗ ಅದು ಕ್ಯಾಲ್ಸಿಯಂ ಜೊತೆ ಕಾರ್ಬೊನೇಟ್ ಆಗಿ ತಳಕ್ಕಿಳಿಯುತ್ತದೆ. ಆ ಹುಡುಗಿ ಹೇಳಿದ ಬಿಳಿ ಪದರ ಅದೇ.

ಸರಿಪಡಿಸಿದ ಕ್ರಮ

ಮೊದಲು ನೀರು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು 50 ಪಿಪಿಎಂ ಇತ್ತು. ಒಂದು ಪಾಲು ಬೋರ್ ನೀರಿಗೆ ಮೂರು ಪಾಲು ಅದನ್ನು ಬೆರೆಸಿದರೆ ಎಷ್ಟಾಗುತ್ತದೆಂದು ಮಕ್ಕಳೇ ಲೆಕ್ಕ ಹಾಕಿದರು: 800 ಮತ್ತು 150 ಕೂಡಿ, ನಾಲ್ಕರಿಂದ ಭಾಗಿಸಿದರೆ ಸುಮಾರು 240. ಶುದ್ಧವಾಗಿ ಹಿಡಿದ ಮಳೆನೀರಾದರೂ ಆಗುತ್ತದೆ.

ಆಮೇಲೆ ಗೊಬ್ಬರ. ಕ್ಯಾಲ್ಸಿಯಂ ನೈಟ್ರೇಟ್ ಇರುವ ‘ಎ’ ಭಾಗವನ್ನೂ ಸಲ್ಫೇಟ್, ಫಾಸ್ಫೇಟ್ ಇರುವ ‘ಬಿ’ ಭಾಗವನ್ನೂ ಗಟ್ಟಿಯಾಗಿರುವಾಗ ಒಟ್ಟಿಗೆ ಬೆರೆಸಬಾರದು. ಜಿಪ್ಸಂ ಒತ್ತರಿಸಿ ತಳ ಸೇರುತ್ತದೆ. ಒಂದನ್ನು ಪೂರ್ತಿ ನೀರಿನಲ್ಲಿ ಕಲಸಿದ ಮೇಲೆ ಇನ್ನೊಂದು. ಮತ್ತೆ 1000 ತಲುಪಿದೆವು, ಆದರೆ ಈ ಬಾರಿ ಅದರಲ್ಲಿ ಸುಮಾರು 760 ಗೊಬ್ಬರ.

ಕೊನೆಗೆ ಪಿಎಚ್. ದುರ್ಬಲಗೊಳಿಸಿದ ಫಾಸ್ಫಾರಿಕ್ ಆಮ್ಲವನ್ನು ಹನಿಹನಿಯಾಗಿ ಹಾಕಿ 6ಕ್ಕೆ ತಂದೆ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಈ ಕೆಲಸ ಶಿಕ್ಷಕರದೇ. ನಿಂಬೆರಸವೂ ಪಿಎಚ್ ಇಳಿಸುತ್ತದೆ, ಆದರೆ ಸೂಕ್ಷ್ಮಜೀವಿಗಳು ಸಿಟ್ರಿಕ್ ಆಮ್ಲವನ್ನು ತಿಂದಂತೆ ಪಿಎಚ್ ಮತ್ತೆ ಏರುತ್ತದೆ.

ಬಿಸಿಲಿನಲ್ಲಿ ಗಿಡ ಲವಣಕ್ಕಿಂತ ನೀರನ್ನೇ ಹೆಚ್ಚು ಹೀರುತ್ತದೆ. ಮೀಟರ್ ಏರಿದರೆ ಕಡಿಮೆ ಲವಣದ ನೀರು, ಇಳಿದರೆ ದ್ರಾವಣ ಸೇರಿಸಬೇಕು. ಎರಡು ವಾರಕ್ಕೊಮ್ಮೆ ಪೂರ್ತಿ ಬದಲಿಸುವುದು ಒಳ್ಳೆಯದು. ಬೆಳಕು ಬಿದ್ದರೆ ಪಾಚಿ ಬೆಳೆಯುವುದರಿಂದ ಬಕೆಟ್ಟಿಗೆ ದಪ್ಪ ಬಟ್ಟೆ ಸುತ್ತಿರಬೇಕು.

ಸಹಪ್ರಶಿಕ್ಷಣಾರ್ಥಿಗಳಿಗೆ

ಹತ್ತು ದಿನಗಳಲ್ಲಿ ಹೊಸ ಎಲೆಗಳು ಹಸಿರಾಗಿ ಬಂದವು; ಸುಟ್ಟ ಎಲೆಗಳು ಹಾಗೇ ಉಳಿದವು. ಅವನ್ನು ಕೀಳದೆ ಮಕ್ಕಳಿಗೆ ತೋರಿಸಿದೆ. ಈ ಘಟಕ ಬೋಧಿಸುವವರು ಪ್ರತಿ ವಿದ್ಯಾರ್ಥಿಗೂ ಮನೆಯಿಂದ ಒಂದು ಬಾಟಲಿ ನೀರು ತರಲು ಹೇಳಿ. ನಾವು ಪಾಠಯೋಜನೆ ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆಯೇ ತೋಟಕ್ಕೂ ಅನ್ವಯಿಸುತ್ತದೆ: ಸೇರಿಸುವ ಮುನ್ನ, ಮೊದಲೇ ಏನಿದೆ?