ಮಡಚುವ ಸ್ಟೆಪ್ನಿ: ಗಾಳಿ ಇಳಿಸೋದು ಹೇಗೆ, ಡಿಕ್ಕಿಯಲ್ಲಿ ಇಡೋದು ಹೇಗೆ?

ಹರದನಹಳ್ಳಿ (ಹೊಳೆನರಸೀಪುರ ತಾ.): ಭಾನುವಾರ ಸಂಜೆ. ಬೆಂಗಳೂರು ಕಡೆಯ ಒಂದು ಸ್ಪೋರ್ಟ್ಸ್ ಕಾರು ನಿಮ್ಮ ಪಂಕ್ಚರ್ ಅಂಗಡಿ ಮುಂದೆ ನಿಂತಿತು ಅಂದುಕೊಳ್ಳಿ. ಟೈರ್ ಪೂರ್ತಿ ಕೂತಿದೆ. "ಸ್ಟೆಪ್ನಿ ತೆಗೀರಿ ಸಾರ್" ಅಂತೀರಿ. ಅವರು ತೆಗೆದು ಕೊಟ್ಟಿದ್ದು ಸೊರಗಿ ಸುಕ್ಕಾಗಿರುವ, ರಿಮ್ಮಿಗೆ ಅಂಟಿಕೊಂಡಂತಿರುವ ಒಂದು ಚಕ್ರ. "ಇದೇನ್ ಸಾರ್, ಇದೂ ಪಂಕ್ಚರ್ರಾ?" ಅಂತ ಕೇಳಬೇಡಿ. ಅದು ಪಂಕ್ಚರ್ ಅಲ್ಲ. ಅದು ಇರೋದೇ ಹಾಗೆ.

ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹುಟ್ಟೂರಾದ ಹರದನಹಳ್ಳಿಗೆ ದೊಡ್ಡ ಕಾರುಗಳು ಹೊಸದೇನಲ್ಲ. ಚನ್ನರಾಯಪಟ್ಟಣ, ಹಾಸನ, ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿಯುವ ರಾಷ್ಟ್ರೀಯ ಹೆದ್ದಾರಿ 75ರಲ್ಲಂತೂ ಎಲ್ಲ ನಮೂನೆಯ ವಾಹನಗಳು ಓಡಾಡುತ್ತವೆ. ಹಳೆಯ ಸ್ಪೋರ್ಟ್ಸ್ ಕಾರು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡವರೂ ಇದ್ದಾರೆ. ಇಂಥ ಕಾರಿನ ಸ್ಟೆಪ್ನಿಯನ್ನು ತಪ್ಪಾಗಿ ಮುಟ್ಟಿದರೆ ಚಕ್ರವೂ ಹಾಳು, ಮುಂದೆ ಘಾಟಿಯಲ್ಲಿ ಕುಟುಂಬದ ಜೊತೆ ರಾತ್ರಿ ಕಳೆಯಬೇಕಾದ ಪರಿಸ್ಥಿತಿಯೂ ಬರಬಹುದು.

ಸ್ಟೆಪ್ನಿ ಅನ್ನೋ ಹೆಸರು ಎಲ್ಲಿಂದ ಬಂತು?

ನಾವೆಲ್ಲ ದಿನಾ ಹೇಳುವ 'ಸ್ಟೆಪ್ನಿ' ಒಂದು ಬೀದಿಯ ಹೆಸರು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಸ್ಟ್ರೀಟ್‌ನಲ್ಲಿ ಡೇವಿಸ್ ಸಹೋದರರು 1904ರ ಹೊತ್ತಿಗೆ ಬದಲಿ ಚಕ್ರ ತಯಾರಿಸಲು ಶುರು ಮಾಡಿದರು. ಕಡ್ಡಿಗಳಿಲ್ಲದ ರಿಮ್, ಅದರ ಮೇಲೆ ಗಾಳಿ ತುಂಬಿದ ಟೈರ್. ಪಂಕ್ಚರ್ ಆದ ಚಕ್ರಕ್ಕೇ ಅದನ್ನು ಬಿಗಿದು ಮುಂದೆ ಹೋಗುವ ವ್ಯವಸ್ಥೆ. ಆ ಕಂಪನಿಯ ಹೆಸರೇ ನಮ್ಮ ದೇಶದಲ್ಲಿ ಬದಲಿ ಚಕ್ರಕ್ಕೆ ನಿಂತುಬಿಟ್ಟಿತು.

ಮಡಚುವ ಟೈರ್ ಯಾಕೆ ಬಂತು?

ಕಾರಣ ಒಂದೇ, ಜಾಗ. ಸ್ಪೋರ್ಟ್ಸ್ ಕಾರಿನ ಟೈರ್ ಅಗಲ, ಡಿಕ್ಕಿ ಚಿಕ್ಕದು. ಪೋರ್ಷೆ 911 ಕಾರನ್ನೇ ನೋಡಿ. ಅದರ ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಆ ಮುಂದಿನ ಜಾಗದಲ್ಲೇ ಪೆಟ್ರೋಲ್ ಟ್ಯಾಂಕೂ ಇರಬೇಕು, ಸ್ಟೆಪ್ನಿಯೂ ಇರಬೇಕು. ಪೂರ್ತಿ ಅಳತೆಯ ಚಕ್ರ ಇಟ್ಟರೆ ಟ್ಯಾಂಕಿಗೆ ಜಾಗ ಕಡಿಮೆ. ಹಾಗಾಗಿ 1970ರ ದಶಕದಿಂದ ಆ ಕಾರುಗಳಲ್ಲಿ ಗಾಳಿ ಇಲ್ಲದೆ ಮಡಚಿಕೊಂಡಿರುವ ಟೈರ್ ಬಂತು. ಅದಕ್ಕೂ ಮುಂಚೆ, 1960ರ ದಶಕದ ಕೊನೆಯಲ್ಲಿ ಅಮೆರಿಕದ ಬಿ.ಎಫ್. ಗುಡ್ರಿಚ್ ಕಂಪನಿ ಇಂಥದ್ದೇ ಟೈರನ್ನು ಗ್ಯಾಸ್ ಡಬ್ಬಿ ಜೊತೆ ಕೊಡುತ್ತಿತ್ತು.

ಇದರ ಪಕ್ಕದ ಗೋಡೆ ಒಳಗೆ ಮಡಚಿಕೊಂಡಿರುತ್ತದೆ. ಕಾರಿನ ಜೊತೆ ಬರುವ ಚಿಕ್ಕ ಕಂಪ್ರೆಸರನ್ನು 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸಿ ಗಾಳಿ ಹಾಕಿದರೆ ಮಡಿಕೆ ಬಿಚ್ಚಿಕೊಂಡು ಬೇರೆ ಚಕ್ರಗಳಷ್ಟು ಎತ್ತರಕ್ಕೆ ಬರುತ್ತದೆ. ಅಗಲ ಮಾತ್ರ ಕಡಿಮೆ. ವೇಗದ ಮಿತಿ ಗಂಟೆಗೆ 80 ಕಿ.ಮೀ. ಅದೂ ಹತ್ತಿರದ ಪಂಕ್ಚರ್ ಅಂಗಡಿವರೆಗೆ ಅಷ್ಟೇ, ಧರ್ಮಸ್ಥಳಕ್ಕೆ ಹೋಗಿಬರೋಕಲ್ಲ.

ಗಾಳಿ ಇಳಿಸುವ ಕ್ರಮ

ಹಾಕೋದು ಸುಲಭ, ವಾಪಸ್ ಮಡಚೋದೇ ತಲೆನೋವು. ಹೆಚ್ಚಿನವರು ತಪ್ಪು ಮಾಡುವುದು ಇಲ್ಲೇ.

1. ಮೊದಲು ಒರಿಜಿನಲ್ ಚಕ್ರದ ಪಂಕ್ಚರ್ ಹಾಕಿಸಿ, ಕಾರಿಗೆ ಬಿಗಿದುಬಿಡಿ. ಸ್ಟೆಪ್ನಿ ಕಾರಿನಿಂದ ಪೂರ್ತಿ ಹೊರಗೆ ಬಂದ ಮೇಲೇ ಅದರ ಗಾಳಿ ಮುಟ್ಟಬೇಕು.

2. ವಾಲ್ವ್ ಮುಚ್ಚಳ ತೆಗೆದು, ಪಿನ್ ಒತ್ತಿ ಗಾಳಿಯ ಜೋರು ಇಳಿಸಿ. ಜೋರು ಇರುವಾಗಲೇ ಪಿನ್ ಬಿಚ್ಚಿದರೆ ಅದು ಗುಂಡಿನ ಹಾಗೆ ಹಾರುತ್ತದೆ. ಮುಖ ಅದರ ನೇರಕ್ಕೆ ಇಡಬೇಡಿ.

3. ಜೋರು ಇಳಿದ ಮೇಲೆ ವಾಲ್ವ್ ಕೀಯಿಂದ ಪಿನ್ನನ್ನು ಪೂರ್ತಿ ಬಿಚ್ಚಿ ತೆಗೆಯಿರಿ. ಬರೀ ಒತ್ತಿ ಬಿಟ್ಟರೆ ಸಾಲದು. ಟೈರ್ ಮೆಲ್ಲಗೆ ಕುಗ್ಗುತ್ತಾ ಹೋಗುವಾಗ ಒಳಗಿನ ಗಾಳಿ ಆಚೆ ಬರೋಕೆ ದಾರಿ ತೆರೆದೇ ಇರಬೇಕು.

4. ಈಗ ಕಾಯಬೇಕು. ಒಂದೆರಡು ನಿಮಿಷ ಅಲ್ಲ, ಹಲವು ಗಂಟೆ. ಜಾತ್ರೆಯಲ್ಲಿ ತಂದ ಬಲೂನು ನೆನಪಿಸಿಕೊಳ್ಳಿ. ಒಂದು ದಿನ ಊದಿಟ್ಟು ಆಮೇಲೆ ಗಾಳಿ ಬಿಟ್ಟರೆ ಅದು ತಕ್ಷಣ ಹಳೇ ಅಳತೆಗೆ ಬರಲ್ಲ. ಹಿಗ್ಗಿದ ರಬ್ಬರ್ ತನ್ನ ಮಡಿಕೆಗೆ ತಾನೇ ಮರಳಬೇಕು. ರಾತ್ರಿಯಿಡೀ ನೆರಳಲ್ಲಿ ಬಿಟ್ಟರೆ ಒಳ್ಳೇದು.

5. ಮಡಚಿಕೊಂಡ ಮೇಲೆ ಒಣ ಬಟ್ಟೆಯಲ್ಲಿ ಮಣ್ಣು, ನೀರು ಒರೆಸಿ. ಮಡಿಕೆಯಲ್ಲಿ ಜಲ್ಲಿಪುಡಿ ಸಿಕ್ಕಿಕೊಂಡಿದ್ದರೆ ತೆಗೆಯಿರಿ. ಪಿನ್ ವಾಪಸ್ ಹಾಕಿ, ಮುಚ್ಚಳ ತಿರುಗಿಸಿ, ಡಿಕ್ಕಿಯ ಗುಂಡಿಯಲ್ಲಿಟ್ಟು ಅದರ ಬೋಲ್ಟ್ ಬಿಗಿಯಿರಿ.

ಮಾಡಬಾರದ್ದೂ ಇದೆ. ಬೇಗ ಕುಗ್ಗಲಿ ಅಂತ ಮೇಲೆ ಹತ್ತಿ ತುಳಿಯುವುದು, ಸುತ್ತಿಗೆಯಲ್ಲಿ ಬಡಿಯುವುದು, ಹಗ್ಗ ಹಾಕಿ ಎಳೆದು ಕಟ್ಟುವುದು, ಬಿಸಿಲಿಗೆ ಇಡುವುದು ಬೇಡ. ಮಡಿಕೆ ತಪ್ಪಾದ ಜಾಗದಲ್ಲಿ ಬಿದ್ದರೆ ಒಳಗಿನ ಪದರ ಬಿರುಕು ಬಿಡುತ್ತದೆ. ಮುಂದಿನ ಸಲ ಗಾಳಿ ಹಾಕುವಾಗ ಒಡೆಯೋದು ಅಲ್ಲೇ.

ಗಿರಾಕಿ ಹೊರಡಬೇಕು, ಟೈರ್ ಕುಗ್ಗಿಲ್ಲ! ಏನ್ಮಾಡೋದು?

ಇದೇ ನಿಜವಾದ ಪ್ರಶ್ನೆ. ರಾತ್ರಿಯಿಡೀ ಯಾರೂ ಅಂಗಡಿ ಮುಂದೆ ಕೂರಲ್ಲ. ಪಿನ್ ತೆಗೆದ ಸ್ಥಿತಿಯಲ್ಲೇ ಚಕ್ರವನ್ನು ಸೀಟಿನ ಹಿಂದೆಯೋ ಪಕ್ಕದ ಸೀಟಿನ ಕೆಳಗಿನ ಜಾಗದಲ್ಲೋ ಇಟ್ಟು, ಅಲುಗಾಡದ ಹಾಗೆ ಕಟ್ಟಿ. ಬಿಡಿಯಾಗಿ ಬಿಟ್ಟರೆ ಜೋರಾಗಿ ಬ್ರೇಕ್ ಹಾಕಿದಾಗ ಅದೇ ತಲೆಗೆ ಬಡಿಯುತ್ತದೆ. ಪಿನ್ನು, ಮುಚ್ಚಳ ಎರಡನ್ನೂ ಸಣ್ಣ ಕವರಿನಲ್ಲಿ ಕಟ್ಟಿ ಕಾರಿನವರ ಕೈಗೆ ಕೊಡಿ. "ನಾಳೆ ಬೆಳಗ್ಗೆ ಮಡಚಿಕೊಂಡ ಮೇಲೆ ಪಿನ್ ಹಾಕಿ ಒಳಗಿಡಿ" ಅಂತ ಬಾಯಿಬಿಟ್ಟು ಹೇಳಿ. ಪಿನ್ ಕಳೆದರೆ ಮುಂದಿನ ಪಂಕ್ಚರ್ ದಿನ ಕಂಪ್ರೆಸರ್ ಎಷ್ಟು ಹೊತ್ತು ಓಡಿದರೂ ಗಾಳಿ ನಿಲ್ಲಲ್ಲ.

ಇದರ ತಿರುವುಮುರುವು ಸಮಸ್ಯೆಯೂ ಉಂಟು. ಸ್ಟೆಪ್ನಿ ಹಾಕಿಕೊಂಡು ಓಡುವಾಗ ಪಂಕ್ಚರಾದ ಅಗಲದ ಚಕ್ರ ಆ ಚಿಕ್ಕ ಗುಂಡಿಯಲ್ಲಿ ಕೂರಲ್ಲ. ಅದನ್ನೂ ಸೀಟಿನ ಮೇಲೇ ಸಾಗಿಸಬೇಕು. ಒಂದು ಗೋಣಿಚೀಲ ಕಾರಲ್ಲಿದ್ದರೆ ಸೀಟು ಉಳಿಯುತ್ತೆ.

ಅಂಗಡಿಯವರು ಗಮನಿಸಿ

ಮಡಚುವ ಟೈರಿಗೆ ಅಂಗಡಿಯ ದೊಡ್ಡ ಕಂಪ್ರೆಸರಿನಿಂದ ಒಂದೇ ಏಟಿಗೆ ಗಾಳಿ ತುಂಬಬೇಡಿ. ಮಡಿಕೆ ನಿಧಾನಕ್ಕೆ ಬಿಚ್ಚಿಕೊಳ್ಳಬೇಕು. ಎಷ್ಟು ಗಾಳಿ ಅನ್ನೋದು ಟೈರಿನ ಮೇಲೆ ಅಥವಾ ಕಾರಿನ ಸ್ಟಿಕ್ಕರಿನಲ್ಲಿ ಇರುತ್ತದೆ, ಅದನ್ನೇ ನೋಡಿ. ಈಗಿನ ಕಾರುಗಳ ತೆಳ್ಳಗಿನ ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು. ಅದೇ ಅಂದಾಜಿನಲ್ಲಿ ಮಡಚುವ ಟೈರಿಗೂ 60 ಹಾಕಿದರೆ ಅಪಾಯ. ಅದಕ್ಕೆ ಬೇಕಾಗಿರುವುದು ಹೆಚ್ಚುಕಮ್ಮಿ ಮಾಮೂಲಿ ಕಾರಿನ ಟೈರಿನಷ್ಟು.

ಟೈರಿನ ವಯಸ್ಸೂ ನೋಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3518 ಅಂತಿದ್ದರೆ 2018ನೇ ಇಸವಿಯ 35ನೇ ವಾರದಲ್ಲಿ ತಯಾರಾದದ್ದು. ಹಳೆಯ ಮಡಚುವ ಟೈರುಗಳು ಒಂದು ದಿನವೂ ರಸ್ತೆ ನೋಡದೆ ಹೊಸದರಂತೆ ಕಾಣುತ್ತವೆ. ಆದರೆ ಮಡಿಕೆಯ ಜಾಗದಲ್ಲಿ ರಬ್ಬರ್ ಒಡೆದಿರುತ್ತದೆ. ಬಿರುಕು ಕಂಡರೆ ಗಾಳಿ ಹಾಕಲೇಬೇಡಿ, ಗಿರಾಕಿ ಎಷ್ಟೇ ಒತ್ತಾಯ ಮಾಡಲಿ.

ನಮ್ಮ ಮಾಮೂಲಿ ಕಾರುಗಳ ಕಥೆ ಏನು?

"ನಮ್ಮತ್ರ ಸ್ಪೋರ್ಟ್ಸ್ ಕಾರಿಲ್ಲ ಬಿಡಿ" ಅನ್ನಬೇಡಿ. ಜಾಗದ ಇದೇ ಲೆಕ್ಕಾಚಾರ ನಮ್ಮ ಮನೆ ಕಾರಿಗೂ ಬಂದಿದೆ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದಿತು. ಟ್ಯೂಬ್‌ಲೆಸ್ ಟೈರ್, ಗಾಳಿ ಕಡಿಮೆಯಾದರೆ ಎಚ್ಚರಿಸುವ ಸೆನ್ಸರ್ ವ್ಯವಸ್ಥೆ, ಪಂಕ್ಚರ್ ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯ ಅಲ್ಲ. ಈಗಿನ ಪೋರ್ಷೆ 911ರಲ್ಲೂ ಮಡಚುವ ಟೈರ್ ಇಲ್ಲ, ಬರೀ ಅಂಟು ದ್ರವದ ಬಾಟ್ಲಿ ಮತ್ತು ಕಂಪ್ರೆಸರ್.

ಈ ಅಂಟು ದ್ರವ ಮೊಳೆ ಚುಚ್ಚಿದ ಸಣ್ಣ ತೂತಿಗೆ, ಅಂದರೆ 4ರಿಂದ 6 ಮಿ.ಮೀ. ಒಳಗಿನದ್ದಕ್ಕೆ ಸರಿ. ಘಾಟಿಯ ಗುಂಡಿಗೆ ಬಿದ್ದು ಟೈರಿನ ಪಕ್ಕ ಹರಿದರೆ ಅದರಿಂದ ಏನೂ ಆಗಲ್ಲ. ದ್ರವ ಹಾಕಿದ್ದರೆ ಪಂಕ್ಚರ್ ಹಾಕುವವರಿಗೆ ಮೊದಲೇ ತಿಳಿಸಿ, ಒಳಗೆಲ್ಲ ಒರೆಸಬೇಕಾಗುತ್ತದೆ.

ಆದ್ದರಿಂದ ಕಾರು ಕೊಳ್ಳುವ ಮುಂಚೆ ಷೋರೂಮಿನಲ್ಲೇ ಡಿಕ್ಕಿಯ ಹಾಸು ಎತ್ತಿ ನೋಡಿ. ಅಲ್ಲಿರುವುದು ದೊಡ್ಡ ಚಕ್ರವೋ, ತೆಳ್ಳಗಿನದ್ದೋ, ಬರೀ ಬಾಟ್ಲಿಯೋ? ತೆಳ್ಳಗಿನ ಸ್ಟೆಪ್ನಿ ಇದ್ದರೆ ತಿಂಗಳಿಗೊಮ್ಮೆ ಅದರ ಗಾಳಿಯನ್ನೂ ಚೆಕ್ ಮಾಡಿಸಿ. ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಚಕ್ರಕ್ಕೆ ಗಾಳಿ ಹಾಕಿಸಿ ಹೊರಡುವ ನಾವು ಐದನೆಯದನ್ನು ಮರೆತೇಬಿಡುತ್ತೇವೆ. ಅದು ನೆನಪಾಗೋದು ಮಳೆ ಬೀಳುವಾಗ, ಕತ್ತಲಲ್ಲಿ, ಜಾಕಿ ಹಾಕಿ ನಾಲ್ಕು ನಟ್ ಬಿಚ್ಚಿದ ಮೇಲೆ.

ಈ ವಾರ ಸಂತೆಗೆ ಹೊರಡುವ ಮುಂಚೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಡಿಕ್ಕಿ ತೆಗೆದು ನೋಡಿ. ಸ್ಟೆಪ್ನಿಯಲ್ಲಿ ಗಾಳಿ, ಜಾಕಿ, ವೀಲ್ ಸ್ಪ್ಯಾನರ್, ಟಾರ್ಚ್, ಚಕ್ರಕ್ಕೆ ಅಡ್ಡ ಇಡೋಕೆ ಎರಡು ಮರದ ತುಂಡು. ಇಷ್ಟಿದ್ದರೆ ಅರಕಲಗೂಡು ರಸ್ತೆಯಾಗಲಿ, ಶಿರಾಡಿ ಘಾಟಿಯಾಗಲಿ, ನೆಮ್ಮದಿಯಾಗಿ ಹೋಗಿಬರಬಹುದು.